ಅಕ್ಕನ ಮನೆಯ ಖರೀದಿ ಪತ್ರ

ಮಸ್ಕಿಯ ಸರಕಾರಿ ದವಾಖಾನೆಗೆ ಸೂಲಗಿತ್ತಿಯಾಗಿ ಸೇರಿದಾಗ ನನಗೆ ಇಪ್ಪತ್ತೇಳು ವರ್ಷ. ನಿಜಾಮರ ಆಳ್ವಿಕೆ ಮುಗಿದು ಮೂರು ವರ್ಷಗಳಾಗಿದ್ದವು. ಅದಕ್ಕೂ ಮೊದಲು ನಾನು ಸಿಂಧನೂರಿನಲ್ಲಿ ಒಂದು ಮನೆಯ ಸೊಸೆಯಾಗಿದ್ದೆ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಮದುವೆಯಾದ. ಆಗ ಅದನ್ನು ತಪ್ಪೆನ್ನುವ ಕಾಯಿದೆ ನಮ್ಮ ಕಡೆ ಇರಲಿಲ್ಲ. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ. ಹಿತ್ತಿಲ ಕೋಣೆಯಲ್ಲಿ ಇದ್ದುಕೊಂಡು ಹೋಗು ಎಂದರು. ಆರು ತಿಂಗಳು ಹಾಗೇ ಇದ್ದು, ಒಂದು ದಿನ ಸೀರೆಗಂಟು ಕಟ್ಟಿಕೊಂಡು ರಾಯಚೂರಿಗೆ ಹೋದೆ. ಅಲ್ಲಿ ಹೆರಿಗೆ ಕೆಲಸ ಕಲಿತೆ. ಗುರುಗುಂಟಾದ ತವರಿನಲ್ಲಿ ತಂದೆ ತೀರಿಕೊಂಡಿದ್ದರು. ಅಣ್ಣನ ಸಂಸಾರದಲ್ಲಿ ನನಗೊಂದು ತಾಟು ಇತ್ತು, ಹಾಸಿಗೆ ಹಾಸುವ ಜಾಗ ಇರಲಿಲ್ಲ.

ಮಸ್ಕಿಯಲ್ಲಿ ಮೊದಲ ವರ್ಷ ಮೂರು ಮನೆ ಬದಲಿಸಿದೆ. ಹೆರಿಗೆಗೆ ಹೊತ್ತು ಗೊತ್ತು ಇರುವುದಿಲ್ಲ. ಗಂಡನಿಲ್ಲದ ಹೆಂಗಸು ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತೆಗೆಯುತ್ತಾಳೆ, ಹಾಕುತ್ತಾಳೆ ಎನ್ನುವುದು ಓಣಿಗೆ ಸರಿಬರಲಿಲ್ಲ. ಒಬ್ಬರು ಮಗನ ಮದುವೆ ಎಂದರು, ಒಬ್ಬರು ಮಾಳಿಗೆ ಸೋರುತ್ತದೆ ಎಂದರು. ಮೂರನೆಯವರು ಕಾರಣ ಹೇಳುವ ಗೋಜಿಗೇ ಹೋಗಲಿಲ್ಲ.

ನಾಲ್ಕನೆಯದು ಅಕ್ಕನ ಮನೆ. ಹೆಸರು ಹಿಡಿದು ಕರೆಯುವಂತಿರಲಿಲ್ಲ, ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ಹಾಗಾಗಿ ಅಕ್ಕ ಎಂದೆ. ಗಂಡ ತೀರಿಹೋಗಿ ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಒಳಗೆ ಎರಡು ಅಂಕಣ, ಬಾಗಿಲ ಪಕ್ಕ ಒಂದು ಕೋಣೆ. ಆ ಕೋಣೆ ನನ್ನದಾಯಿತು. ಅಕ್ಕ ಮುಂಜಾನೆ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಕೂತರೆ ಮಧ್ಯಾಹ್ನದ ತನಕ ಒಂದು ಮಾತೂ ಆಡುತ್ತಿರಲಿಲ್ಲ. ನಾನು ಎಲ್ಲಿಗೆ ಹೋದೆ, ಯಾವಾಗ ಬಂದೆ ಎಂದು ಕೇಳದ ಮೊದಲನೆಯವಳು ಅವಳೇ. ನನಗೆ ಅದು ದೊಡ್ಡ ಉಪಕಾರವೆನಿಸಿತ್ತು. ಅವಳ ಒಲೆ ಒಳಗೆ, ನನ್ನ ಒಲೆ ಕೋಣೆಯ ಮೂಲೆಯಲ್ಲಿ. ಒಂದೇ ಮನೆಯಿಂದ ಎರಡು ಹೊಗೆ ಏಳುತ್ತಿತ್ತು.

ಒಂದು ವರ್ಷ ಕಳೆದ ಮೇಲೆ, ಐವತ್ತಮೂರರ ಬೇಸಿಗೆಯಲ್ಲಿ, ಅಕ್ಕ ನನ್ನ ಕೋಣೆಯ ಹೊಸ್ತಿಲಲ್ಲಿ ಬಂದು ಕೂತಳು. ದಢೇಸುಗೂರಿನಲ್ಲಿ ಅವಳ ತಂಗಿ ಇದ್ದಾಳೆ, ಅವಳೂ ಗಂಡನನ್ನು ಕಳೆದುಕೊಂಡವಳು, ಸ್ವಲ್ಪ ಹೊಲ ಇದೆ, ತುಂಗಭದ್ರೆಯ ಕಾಲುವೆ ಆ ಕಡೆಗೇ ಬರುತ್ತದಂತೆ ಎಂದು ನಿಧಾನವಾಗಿ ಹೇಳಿದಳು. ತನಗೆ ಅಲ್ಲಿಗೆ ಹೋಗಿ ತಂಗಿಯ ಜೊತೆ ಇರುವ ಆಸೆ. ಈ ಮನೆ ಮಾರಿದರೆ ಅಲ್ಲಿ ಎರಡು ಅಂಕಣ ಕಟ್ಟಿಕೊಳ್ಳಬಹುದು.

"ನೀ ತಗೊಂತಿ ಏನು?" ಎಂದಳು. "ಗುರುತಿಲ್ಲದವರಿಗೆ ಕೊಡೂದಕಿಂತ ನಿನಗ ಕೊಟ್ರ ನನ್ನ ಮನಸ್ಸಿಗೆ ಸಮಾಧಾನ."

ನನಗೆ ಸ್ವಂತ ಹೊಸ್ತಿಲು ಇರಬಹುದೆಂದು ಅದುವರೆಗೆ ಹೊಳೆದೇ ಇರಲಿಲ್ಲ. ಆ ವಾರವೆಲ್ಲ ದವಾಖಾನೆಯಿಂದ ಬರುವಾಗ ದೂರದಿಂದಲೇ ಆ ಬಾಗಿಲನ್ನು ನೋಡುತ್ತ ಬರುತ್ತಿದ್ದೆ. ಬೆಲೆಯ ಮಾತು ಒಂದೇ ಸಲ ಕೂತು ಆಡಿದ್ದರಲ್ಲಿ ಮುಗಿಯಿತು, ಇಬ್ಬರೂ ಎಳೆದಾಡಲಿಲ್ಲ. ಕಾಗದ ಮಾಡಿಸುವುದಷ್ಟೇ ಉಳಿದಿದೆ ಎಂದುಕೊಂಡೆ.

ಲಿಂಗಸುಗೂರಿನಲ್ಲಿ ಒಬ್ಬ ಹಿರಿಯ ವಕೀಲರಿದ್ದರು. ಅವರ ಸೊಸೆಯ ಹೆರಿಗೆಗೆ ನಾನು ಹೋಗಿದ್ದೆ, ಅದೊಂದೇ ಪರಿಚಯ. ಅಕ್ಕ ತಗಡಿನ ಡಬ್ಬಿಯಿಂದ ತೆಗೆದುಕೊಟ್ಟ ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಮನೆ ಚೆನ್ನಾಗಿದೆ, ಗೋಡೆ ಗಟ್ಟಿ ಇದೆ ಎಂದು ನಾನು ಶುರು ಮಾಡಿದರೆ ಅವರು ಕೈ ಎತ್ತಿ ತಡೆದು, ಮೊದಲು ಕಾಗದ ನೋಡೋಣ ಎಂದರು. ಮನೆ ಯಾರ ಹೆಸರಿನಲ್ಲಿದೆ, ಅವರಿಗೆ ಹೇಗೆ ಬಂತು, ಅಣ್ಣತಮ್ಮಂದಿರು ಪಾಲಾಗಿದ್ದರೋ ಇಲ್ಲವೋ, ಈಗ ಅದರಲ್ಲಿ ಯಾರು ಇದ್ದಾರೆ, ಯಾವ ಗೋಡೆ ನೆರೆಯವರ ಜೊತೆ ಕೂಡು ಗೋಡೆ ಎಂದು ಒಂದೊಂದಾಗಿ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. ಕಾಗದವೆಲ್ಲ ಉರ್ದುವಿನಲ್ಲಿತ್ತು. ಬಲದಿಂದ ಎಡಕ್ಕೆ ಬೆರಳು ಸರಿಸುತ್ತ ಓದಿ, ಅದು ಅಕ್ಕನ ಗಂಡ ಮತ್ತು ಅವನ ಅಣ್ಣ ಪಾಲಾದಾಗ ಮಾಡಿಕೊಂಡ ಪಾಲುಪತ್ರ ಎಂದು ಹೇಳಿದರು.

"ಮನಿ ಆಕಿ ಗಂಡನ ಪಾಲಿಗೆ ಬಂದದ, ಅದರಾಗ ತಕರಾರಿಲ್ಲ. ಗಂಡ ಹೋದ ಮ್ಯಾಲ ಆಕಿದು. ಆದರ ಆಕಿದು ಅಂದ್ರ ಇರಾಕ ಆಕಿದು, ಮಾರಾಕ ಅಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ಬೇಸರಿಸದೆ ಬಿಡಿಸಿ ಹೇಳಿದರು. ಗಂಡನಿಂದ ಬಂದ ಆಸ್ತಿಯಲ್ಲಿ ವಿಧವೆಗೆ ಜೀವ ಇರುವತನಕ ಮಾತ್ರ ಹಕ್ಕು. ನಾನು ಕೊಂಡರೆ ಅಕ್ಕ ಬದುಕಿರುವವರೆಗೆ ಯಾರೂ ಕೇಳುವುದಿಲ್ಲ. ಅವಳು ತೀರಿಕೊಂಡ ಮೇಲೆ ಗಂಡನ ಅಣ್ಣ, ಅಂದರೆ ಅವಳ ಭಾವ, ಇಲ್ಲವೇ ಭಾವನ ಮಕ್ಕಳು ಬಂದು ಮನೆ ಬಿಡು ಎನ್ನಬಹುದು. ಹೊಟ್ಟೆಗೆ ಇಲ್ಲದಂಥ ತೀರದ ಅಡಚಣೆ ಇದ್ದರೆ ಅವಳು ಮಾರಬಹುದಿತ್ತು. ಇಲ್ಲಿ ಅಂಥದ್ದು ಏನೂ ಇಲ್ಲ.

ಆಕೆಗೆ ಇಲ್ಲಿ ಯಾರೂ ಇಲ್ಲ, ತಂಗಿಯ ಹತ್ತಿರ ಹೋಗಬೇಕಾಗಿದೆ, ಅದು ಅಡಚಣೆ ಅಲ್ಲವೇ ಎಂದು ಕೇಳಿದೆ.

ಅವರು ಕಾಗದ ಮಡಚಿದರು. "ಒಬ್ಬಾಕೆ ಆಗ್ಯಾಳ ಅನ್ನೂದು ಕಾಯಿದ್ಯಾಗ ಅಡಚಣಿ ಅಲ್ಲವ್ವ" ಎಂದರು.

ಒಂದು ದಾರಿಯನ್ನೂ ಅವರೇ ತೋರಿಸಿದರು. ಮುಂದಿನ ವಾರಸುದಾರನಾದ ಭಾವ ಒಪ್ಪಿ ರುಜು ಹಾಕಿದರೆ ಆಮೇಲೆ ತಕರಾರು ಮಾಡುವುದು ಕಷ್ಟ. ಭಾವ ಇದ್ದದ್ದು ಸಿಂಧನೂರಿನಲ್ಲಿ, ಅಲ್ಲಿ ಅವನದು ಹತ್ತಿಯ ವ್ಯಾಪಾರ. ಆ ಊರಿಗೆ ಮತ್ತೆ ಕಾಲಿಡುವುದಿಲ್ಲ ಎಂದುಕೊಂಡಿದ್ದೆ. ಆದರೆ ಅಕ್ಕನಿಗೆ ಒಬ್ಬಳೇ ಹೋಗಲು ಧೈರ್ಯ ಸಾಲದು. ಒಂದು ಸೋಮವಾರ ಇಬ್ಬರೂ ಹೋದೆವು.

ಭಾವ ಕೆಟ್ಟ ಮನುಷ್ಯನಲ್ಲ. ತಮ್ಮನ ಹೆಂಡತಿ ಬಂದಳೆಂದು ಕಾಲು ತೊಳೆಯಲು ನೀರು ಕೊಡಿಸಿದ, ಊಟ ಮಾಡಿಸದೆ ಮಾತಿಗೆ ಕೂರಲಿಲ್ಲ. ಎಲ್ಲ ಕೇಳಿಸಿಕೊಂಡ ಮೇಲೆ ತಲೆ ಅಲ್ಲಾಡಿಸಿದ. ಆ ಮನೆಯ ಗೋಡೆಗೆ ತೀರಿಹೋದ ತಮ್ಮನೇ ಕಲ್ಲು ಹೊತ್ತಿದ್ದ, ತಾನು ಬದುಕಿರುವಾಗ ಅದು ಬೇರೆಯವರ ಕೈಗೆ ಹೋಗಲು ರುಜು ಹಾಕಲಾರೆ ಎಂದ. ಅಕ್ಕನಿಗೆ ಒಬ್ಬಳೇ ಇರಲು ಬೇಸರವಾದರೆ ತನ್ನ ಮನೆಗೇ ಬಂದಿರಲಿ ಎಂದ. ಅಕ್ಕ ಸೆರಗು ಮುಂದಕ್ಕೆ ಎಳೆದುಕೊಂಡು ಕೂತಿದ್ದಳು.

ಬಸ್ಸಿಗೆ ನಡೆದು ಬರುವಾಗ ನಾನು ಒಂದು ಓಣಿ ಸುತ್ತಿ ಬೇರೆ ದಾರಿ ಹಿಡಿದೆ. ಅಕ್ಕನಿಗೆ ತಿಳಿಯಿತು.

"ನಿನ್ನ ಗಂಡನ ಮನಿ ಆ ಕಡೆ ಐತೇನು?"

ಹೌದೆಂದೆ.

"ನೋಡಿ ಬರ್ತಿ?"

ಇಲ್ಲವೆಂದೆ. ಅವಳು ನನ್ನ ಕೈಯಿಂದ ಕಾಗದದ ಗಂಟು ತೆಗೆದುಕೊಂಡು ತಾನೇ ಹಿಡಿದುಕೊಂಡು ನಡೆದಳು.

ಹೀಗೆ ಆ ಖರೀದಿ ನಿಂತುಹೋಯಿತು. ಅವಳು ಹೋಗುವಂತಿಲ್ಲ, ನಾನು ಕೊಳ್ಳುವಂತಿಲ್ಲ. ಇಬ್ಬರೂ ಅದೇ ಮನೆಯಲ್ಲಿ ಉಳಿದೆವು. ಯಾವಾಗ ಎಂದು ನೆನಪಿಲ್ಲ, ಅವಳು ನನಗೂ ಸೇರಿಸಿ ರೊಟ್ಟಿ ಬಡಿಯತೊಡಗಿದಳು. ಮುಂದಿನ ಚಳಿಗಾಲಕ್ಕೆ ನನಗೆ ನಡುಗುಜ್ವರ ಬಂದು ಹದಿನೈದು ದಿನ ಮಲಗಿದಾಗ ನನ್ನ ಹಾಸಿಗೆಯನ್ನು ಒಳಗಿನ ಅಂಕಣಕ್ಕೆ ಎಳೆದುಕೊಂಡು ಹೋದಳು. ಜ್ವರ ಬಿಟ್ಟ ಮೇಲೆ ಅದನ್ನು ಹೊರಗೆ ತರುವ ಮಾತು ಇಬ್ಬರೂ ಎತ್ತಲಿಲ್ಲ. ನನ್ನ ಒಲೆಯ ಮೂಲೆಯಲ್ಲಿ ಕಟ್ಟಿಗೆ ಪೇರಿಸಿದೆವು. ಯಾರಾದರೂ ಹೆರಿಗೆಗೆ ಕರೆಯಲು ಬಂದರೆ ಅವಳೇ ಎದ್ದು ಯಾವ ಊರು, ಎಷ್ಟನೆಯ ಬಸಿರು ಎಂದು ಕೇಳಿ ನನ್ನನ್ನು ಎಬ್ಬಿಸುತ್ತಿದ್ದಳು.

ಅಷ್ಟಾದರೂ ಅವಳ ಮನಸ್ಸು ದಢೇಸುಗೂರಿನಲ್ಲೇ ಇತ್ತು. ತಂಗಿ ಊರಿನ ಮಾಸ್ತರರ ಕೈಯಲ್ಲಿ ಪತ್ರ ಬರೆಸುತ್ತಿದ್ದಳು. ಅಕ್ಕನಿಗೆ ಓದಲು ಬಾರದು, ನಾನು ಓದಿ ಹೇಳಬೇಕು. ಕಾಲುವೆ ತೋಡುವುದು ಮುಗಿಯಿತು, ನೀರು ಬಿಟ್ಟರು, ಗುಂಟೂರಿನ ಕಡೆಯವರು ಬಂದು ಭತ್ತ ಹಚ್ಚುತ್ತಿದ್ದಾರೆ, ಹೊಲವೆಲ್ಲ ಹಸಿರಾಗಿದೆ ಎಂದೆಲ್ಲ ಇರುತ್ತಿತ್ತು. ಅಕ್ಕ ಒಂದೇ ಪತ್ರವನ್ನು ಮೂರು ಸಲ ಓದಿಸುತ್ತಿದ್ದಳು. ಜೋಳದ ಸೀಮೆಯಲ್ಲೇ ಹುಟ್ಟಿ ಬೆಳೆದ ಅವಳಿಗೆ ಹೊಲದಲ್ಲಿ ನಿಂತ ನೀರು ಹೇಗೆ ಕಾಣುತ್ತದೆಂದು ಊಹಿಸಲಾಗುತ್ತಿರಲಿಲ್ಲ. ಮೊಳಕಾಲತನಕ ಬರ್ತೈತೇನು ಎಂದು ನನ್ನನ್ನು ಕೇಳುತ್ತಿದ್ದಳು. ನಾನೂ ನೋಡಿರಲಿಲ್ಲ.

ಐವತ್ತೈದರ ಒಂದು ಪತ್ರದಲ್ಲಿ ತಂಗಿ ತನಗೆ ಕಣ್ಣು ಮಂಜಾಗಿದೆ, ಒಲೆಯ ಮುಂದೆ ಕೈ ಸುಟ್ಟುಕೊಂಡೆ, ಹೇಗಾದರೂ ಮಾಡಿ ಬಾ ಎಂದು ಬರೆಸಿದ್ದಳು. ನಾನು ಆ ಸಾಲಿನವರೆಗೆ ಓದಿ, ಅದನ್ನು ದಾಟಿ ಮುಂದಿನ ಸಾಲು ಓದಿದೆ. ಯೋಚಿಸಿ ಮಾಡಿದ್ದಲ್ಲ, ಬಾಯಿ ತಾನೇ ದಾಟಿತು. ಅಕ್ಕ ಅಂದು ಕೂಡ ಮೂರು ಸಲ ಓದಿಸಿದಳು. ಮೂರು ಸಲವೂ ದಾಟಿದೆ. ಎರಡನೆಯ ಮತ್ತು ಮೂರನೆಯ ಸಲದ್ದು ಯೋಚಿಸಿಯೇ ಮಾಡಿದ್ದು.

ಮರುವರ್ಷ ಮಳೆಗಾಲದ ಆರಂಭದಲ್ಲಿ ಹೆರಿಗೆ ಕಷ್ಟವಾದ ಒಬ್ಬಳನ್ನು ಲಿಂಗಸುಗೂರಿನ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ವಕೀಲರು ಎದುರಾದರು. ನನ್ನನ್ನು ಕಂಡವರೇ ನಿಂತು, ಹಿಂದೂ ವಾರಸಾ ಕಾಯಿದೆ ಎಂದು ಹೊಸದೊಂದು ಬಂದಿದೆ ಎಂದರು. ವಿಧವೆಯ ಕೈಯಲ್ಲಿರುವ ಆಸ್ತಿ ಇನ್ನು ಅವಳ ಪೂರಾ ಸ್ವಂತದ್ದು. ಯಾರ ರುಜುವೂ ಬೇಡ. ಮನೆ ಇನ್ನೂ ಅವಳ ಕಬ್ಜೆಯಲ್ಲೇ ಇದೆ ತಾನೇ ಎಂದು ಕೇಳಿದರು. ಇದೆ ಎಂದೆ. ಹಾಗಾದರೆ ಯಾವಾಗ ಬೇಕಾದರೂ ಬನ್ನಿ, ನಿಮ್ಮ ಕೆಲಸ ಆದಂತೆಯೇ ಎಂದು ಸಂತೋಷದಿಂದ ಹೇಳಿ ಹೋದರು.

ಬಸ್ಸಿನಲ್ಲಿ ಕೂತು ನಾನು ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಯಾರು ತೀರಿಕೊಂಡರು ಎಂದು ಕೇಳಿದಳು.

ಮನೆಗೆ ಬಂದು ಹೇಳಲಿಲ್ಲ. ನಾಳೆ ಹೇಳೋಣವೆಂದು ನಾಲ್ಕು ವಾರ ಕಳೆದೆ. ಅಕ್ಕ ರೊಟ್ಟಿ ಬಡಿಯುವಾಗ, ನನ್ನ ಹಸಿ ಸೀರೆ ಹಿಂಡಿ ಹರವುವಾಗ ಅವಳ ಬೆನ್ನು ನೋಡುತ್ತಿದ್ದೆ. ಯಾವ ಕಾಯಿದೆ ನಮ್ಮಿಬ್ಬರನ್ನೂ ಕಟ್ಟಿಹಾಕಿದೆ ಎಂದು ಒಂದು ಕಾಲಕ್ಕೆ ಸಿಟ್ಟಾಗಿದ್ದೆನೋ ಅದು ಹೋಯಿತಲ್ಲ ಎಂದು ಈಗ ಸಂಕಟಪಡುತ್ತಿದ್ದೆ. ಕಡೆಗೆ ಒಂದು ಮಧ್ಯಾಹ್ನ ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಎದುರಿಗೆ ಕೂತು ಹೇಳಿಬಿಟ್ಟೆ. ಕಾಯಿದೆಯ ಸುದ್ದಿ ಹೇಳಿದ ಮೇಲೆ ಆ ಪತ್ರದ ಸಾಲನ್ನೂ ಹೇಳಿದೆ.

ಮೊರ ಅವಳ ತೊಡೆಯ ಮೇಲೆ ನಿಂತಿತು.

"ಕೈ ಸುಟ್ಟಕೊಂಡಿದ್ದು ಯಾವಾಗ?"

"ಹ್ವಾದ ವರ್ಷ."

"ಕಾಯಿದಿ ಮಾತು?"

"ತಿಂಗಳಾತು. ನೀ ಹೋಗ್ತಿ ಅಂತ ಹೇಳಲಿಲ್ಲ, ಅಕ್ಕ."

ಅವಳು ಬೈಯಲಿಲ್ಲ. ಜೋಳದಲ್ಲಿ ಕಲ್ಲು ಆರಿಸುತ್ತ ಹೇಳಿದಳು. "ಹೋಗೂದು, ಇರೂದು ನಾ ನೋಡಕೊಳ್ಳೂದಿತ್ತು. ಅದನ್ನ ನೀ ಯಾಕ ಎತ್ತಿಟ್ಟಿ?"

ಅಂದು ಸಂಜೆ ಅವಳು ನನ್ನ ರೊಟ್ಟಿ ಮಾಡಿದಳು, ಜೊತೆಗೆ ಕೂತು ಉಣ್ಣಲಿಲ್ಲ. ಎರಡು ದಿನ ಹಾಗೇ ನಡೆಯಿತು. ಮೂರನೆಯ ದಿನ, ಮನೆ ಮಾರಿ ಬರುತ್ತೇನೆಂದು ತಂಗಿಗೆ ಪತ್ರ ಬರೆ ಎಂದಳು. ಬರೆದದ್ದನ್ನು ಓದಿ ಹೇಳು ಎಂದಳು. ಓದಿದೆ. ಒಂದು ಸಲ ನನ್ನ ಮುಖ ನೋಡಿ, ಅಂಚೆಗೆ ಹಾಕು ಎಂದಳು.

ವಕೀಲರು ಎಲ್ಲವನ್ನೂ ಪದ್ಧತಿಯಂತೆ ಮಾಡಿಸಿದರು. ಮನೆ ಮಾರಾಟಕ್ಕಿದೆ, ಯಾರದಾದರೂ ಹಕ್ಕಿದ್ದರೆ ಬಂದು ಹೇಳಲಿ ಎಂದು ಊರಿನಲ್ಲಿ ಡಂಗುರ ಹೊಡೆಸಿದರು. ಬಂದವನು ಪಕ್ಕದ ಮನೆಯವನೊಬ್ಬನೇ. ತನ್ನ ಮಾಳಿಗೆಯ ನೀರು ಮೊದಲಿನಿಂದಲೂ ಅಕ್ಕನ ಅಂಗಳಕ್ಕೆ ಬೀಳುತ್ತದೆ, ಹೊಸಬರು ತಡೆಯಬಾರದು ಎಂದ. ವಕೀಲರು ಅದನ್ನೂ ಖರೀದಿ ಪತ್ರದಲ್ಲಿ ಬರೆಸಿದರು. ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನು ತಾವೇ ಮಸ್ಕಿಗೆ ಬಂದು ನಿಂತು ನೋಡಿದರು. ಅಕ್ಕನ ಕೈಯಲ್ಲಿದ್ದ ಪಾಲುಪತ್ರ ಇನ್ನು ನನ್ನ ಹತ್ತಿರ ಇರಬೇಕು, ಕಳೆಯಬಾರದು ಎಂದರು.

ಪತ್ರ ಬರೆಯುವವನು ಕೊಳ್ಳುವವಳ ಗಂಡನ ಹೆಸರು ಕೇಳಿದ. ತಂದೆಯ ಹೆಸರು ಬರೆದರೆ ನಡೆಯುತ್ತದೆಯೇ ಎಂದೆ. ಅವನು ವಕೀಲರ ಕಡೆ ನೋಡಿದ. ನಡೆಯುತ್ತದೆ, ಬರೆ ಎಂದರು ಅವರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಮನೆ ನನ್ನ ದುಡಿಮೆಯದು, ಗಂಡ ಬಂದು ಕೇಳುವಂತಿಲ್ಲ ಎಂದು ಧೈರ್ಯ ಹೇಳಿದರು. ಆದರೆ ನನಗೆ ಮಕ್ಕಳಿಲ್ಲ. ನಾನು ಏನೂ ಬರೆದಿಡದೆ ಹೋದರೆ ಹೊಸ ಕಾಯಿದೆಯ ಪ್ರಕಾರ ಮನೆ ಮೊದಲು ಗಂಡನಿಗೆ, ಅವನಿಲ್ಲದಿದ್ದರೆ ಅವನ ವಾರಸುದಾರರಿಗೇ ಹೋಗುತ್ತದೆ. ಅದಕ್ಕೆ ಒಂದು ಮೃತ್ಯುಪತ್ರ ಮಾಡಿಡುವುದು ಒಳ್ಳೆಯದು ಎಂದರು.

"ಯಾರ ಹೆಸರಿಗೆ ಬರೀಬೇಕು ಅಂತ ಮಾಡೀರಿ?"

ಅಕ್ಕನ ಹೆಸರಿಗೆ ಎಂದೆ. ವಕೀಲರು ನಗಲಿಲ್ಲ. ಆಕೆ ನನಗಿಂತ ಇಪ್ಪತ್ತು ವರ್ಷ ದೊಡ್ಡವಳು ಎಂದು ಮೆತ್ತಗೆ ನೆನಪಿಸಿದರು. ಅವಸರವಿಲ್ಲ, ಯೋಚಿಸಿ ಬನ್ನಿ ಎಂದರು.

ನೋಂದಣಿಯ ದಿನ ಲಿಂಗಸುಗೂರಿನ ಕಚೇರಿಯ ಕಟ್ಟೆಯ ಮೇಲೆ ನಾವು ಕಾಯುತ್ತ ಕೂತಿದ್ದಾಗ ಭಾವ ಬಂದ. ಅವನಿಗೆ ವಿಷಯ ತಿಳಿಸಿದ್ದೆವು, ಬರುತ್ತಾನೆಂದುಕೊಂಡಿರಲಿಲ್ಲ. ಬಿಳಿ ಅಂಗಿ, ಕೈಯಲ್ಲಿ ಕೊಡೆ. ಜಗಳಕ್ಕೆ ಬಂದನೆಂದುಕೊಂಡೆ. ಅವನು ಅಕ್ಕನಿಗೆ ನಾಲ್ಕು ಮಾರು ದೂರದಲ್ಲಿ ನಿಂತು ವಕೀಲರ ಕಡೆ ನೋಡುತ್ತ ಮಾತಾಡಿದ.

"ಆವಾಗ ನನ್ನ ಕೇಳಬೇಕಾಗಿತ್ತು, ನಾ ಒಲ್ಲೆ ಅಂದೆ. ಈಗ ನನ್ನ ಕೇಳೂ ಕೆಲಸ ಇಲ್ಲ. ಸಾಕ್ಷಿ ಹಾಕಾಕ ಬಂದೀನಿ."

ಅಕ್ಕ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ಅವನು ರುಜು ಹಾಕಿದ. ತಮ್ಮ ಹಾಕಿದ ಅಟ್ಟದ ತೊಲೆ ಬನ್ನಿ ಮರದ್ದು, ಹುಳ ಹಿಡಿಯದಂತೆ ನೋಡಿಕೊಳ್ಳಿ ಎಂದು ನನಗೆ ಹೇಳಿದ. ಊಟಕ್ಕೆ ನಿಲ್ಲದೆ ಹೋದ.

ಒಳಗೆ ಅಧಿಕಾರಿ ಪತ್ರವನ್ನು ಓದಿ ಹೇಳಿಸಿ, ಎಲ್ಲ ತಿಳಿಯಿತೇ ಎಂದು ಅಕ್ಕನನ್ನು ಕೇಳಿದ. ತಿಳಿಯಿತು ಎಂದಳು. ಯಾರ ಒತ್ತಾಯವೂ ಇಲ್ಲದೆ ಸಂತೋಷದಿಂದ ಮಾರುತ್ತಿದ್ದೀರಾ ಎಂದು ಕೇಳಿದ.

"ಮಾರಾಕತ್ತೀನ್ರಿ" ಎಂದಳು.

"ಸಂತೋಷದಿಂದ?"

"ಅದನ್ನೂ ಬರೀಬೇಕೇನ್ರಿ?"

ಅಧಿಕಾರಿ ಹೆಬ್ಬೆರಳಿಗೆ ಮಸಿ ಹಚ್ಚಿಸಿದ. ಅಕ್ಕ ಒತ್ತಿದಳು. ಬೆರಳಿಗೆ ಉಳಿದ ಮಸಿಯನ್ನು ಗೋಡೆಗೆ ಒರೆಸದೆ ತನ್ನ ಸೀರೆಯ ಅಂಚಿಗೇ ಒರೆಸಿಕೊಂಡಳು.

ಒಂದು ವಾರದ ಮೇಲೆ ಹೊರಟಳು. ಎರಡು ಹಿತ್ತಾಳೆ ಕೊಡ, ಬೀಸುವ ಕಲ್ಲು, ಗಂಡನ ಕಂಬಳಿ, ತಗಡಿನ ಡಬ್ಬಿ. ಬಸ್ಸಿನ ನೆತ್ತಿಗೆ ಎಲ್ಲ ಏರಿಸಿದ ಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟು, ಹೊತ್ತಿಗೆ ಸರಿಯಾಗಿ ಉಣ್ಣು ಎಂದಳು. ನಾನು ಕ್ಷಮೆ ಕೇಳಬೇಕೆಂದುಕೊಂಡಿದ್ದೆ. ಕಂಡಕ್ಟರನಿಗೆ ಅವಸರವಿತ್ತು.

ಎರಡೂ ಅಂಕಣ, ಕೋಣೆ ಎಲ್ಲ ನನ್ನದಾಯಿತು. ಹಾಸಿಗೆಯನ್ನು ಎಲ್ಲಿ ಹಾಸಿದರೂ ಅದು ಬೇರೆಯವರ ಜಾಗದಂತೆ ಕಾಣುತ್ತಿತ್ತು. ಕೆಲವು ದಿನ ಮತ್ತೆ ಬಾಗಿಲ ಪಕ್ಕದ ಕೋಣೆಯಲ್ಲೇ ಮಲಗಿದೆ. ಹೆರಿಗೆಗೆ ಕರೆಯಲು ಬಂದವರು ಬಾಗಿಲು ತಟ್ಟಿದರೆ ಯಾರೋ ಎದ್ದು ಮಾತಾಡಲಿ ಎಂದು ಕಾಯುತ್ತ ಮಲಗಿರುತ್ತಿದ್ದೆ. ಆಮೇಲೆ ನಾನೇ ಏಳಬೇಕೆಂದು ನೆನಪಾಗುತ್ತಿತ್ತು. ಅಷ್ಟು ವರ್ಷ ಆ ಮನೆಗೆ ಬೀಗ ಹಾಕಿದ್ದೇ ಇಲ್ಲ, ಹೆಚ್ಚಾಗಿ ಒಬ್ಬರು ಇರುತ್ತಿದ್ದೆವು, ಇಬ್ಬರೂ ಹೋದ ದಿನ ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ಸಂತೆಯಲ್ಲಿ ಒಂದು ಬೀಗ ಕೊಂಡೆ. ಅದರ ಜೊತೆ ಎರಡು ಕೀಲಿಕೈ ಬಂದವು.

ನವೆಂಬರಿನಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಚಾವಡಿಯಲ್ಲಿ ಮನೆಯನ್ನು ನನ್ನ ಹೆಸರಿಗೆ ಮಾಡಿದ ಕಾಗದ ಕನ್ನಡದಲ್ಲಿ ಬಂತು. ಅದನ್ನು ನಾನೇ ಓದಿಕೊಂಡೆ. ಓದಿ ಕೇಳಿಸಲು ಎದುರಿಗೆ ಯಾರೂ ಇರಲಿಲ್ಲ.

ಡಿಸೆಂಬರಿನಲ್ಲಿ ರಜೆ ಹಾಕಿ ದಢೇಸುಗೂರಿಗೆ ಹೋದೆ. ಕಾಲುವೆಯ ದಂಡೆ, ಕೊಯ್ದ ಭತ್ತದ ಗದ್ದೆ, ತೆಲುಗು ಮಾತಾಡುವ ಕೂಲಿ ಹೆಂಗಸರು, ಎಲ್ಲವೂ ಹೊಸದಾಗಿತ್ತು. ಅಕ್ಕನ ಮುಖ ತುಂಬಿಕೊಂಡಿತ್ತು. ನನ್ನನ್ನು ಕಂಡು ಓಡಿ ಬಂದು ಕೈ ಹಿಡಿದಳು. ಗದ್ದೆಯ ನೀರು ಮೊಳಕಾಲತನಕ ಬರುವುದಿಲ್ಲ, ಮೀನಖಂಡಕ್ಕೂ ಮುಟ್ಟುವುದಿಲ್ಲ ಎಂದು ನಕ್ಕಳು. ಅವಳು ನಗುವುದನ್ನು ಮಸ್ಕಿಯಲ್ಲಿ ನಾನು ಹೆಚ್ಚು ನೋಡಿರಲಿಲ್ಲ. ತಂಗಿ ಮಂಜುಗಣ್ಣಿನಲ್ಲಿ ನನ್ನ ಮುಖ ಸವರಿ ನೋಡಿದಳು. ಅವಳ ಬಲಗೈಯ ಮೇಲೆ ಸುಟ್ಟ ಕಲೆ ನುಣ್ಣಗೆ ಮಾಗಿತ್ತು. ಊಟಕ್ಕೆ ಕೂತಾಗ ಇಬ್ಬರೂ ಮೊದಲು ನನಗೆ ಬಡಿಸಿ, ನಾನು ಉಂಡು ಏಳುವತನಕ ಕಾದು, ಆಮೇಲೆ ಒಂದೇ ತಾಟಿನಲ್ಲಿ ತಾವು ಉಂಡರು. ನಾನು ನೆಂಟಳಾಗಿದ್ದೆ.

ಹೊರಡುವಾಗ ಎರಡನೆಯ ಕೀಲಿಕೈಯನ್ನು ಅಕ್ಕನ ಕೈಗೆ ಕೊಟ್ಟೆ. ಯಾವಾಗ ಬಂದರೂ ನಾನು ಮನೆಯಲ್ಲಿ ಇರಲಿ ಇಲ್ಲದಿರಲಿ ಬಾಗಿಲು ತೆಗೆದು ಒಳಗೆ ಹೋಗಬಹುದು ಎಂದೆ. ಅವಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಆಮೇಲೆ ನನ್ನ ಸೆರಗಿನ ತುದಿ ಹಿಡಿದು, ಅದರಲ್ಲಿ ಕೀಲಿಕೈ ಇಟ್ಟು ಗಂಟು ಹಾಕಿದಳು.

"ಮಾರಿದ ಮನಿ ಕೀಲಿ ನಾ ಇಟಗೋಬಾರದವ್ವ. ಆ ಕೋಣಿಗೆ ಯಾರನ್ನಾರ ಬಾಡಿಗಿಗೆ ಇಟಗೊ. ಒಬ್ಬಾಕೆ ಇರಬ್ಯಾಡ."

ಇಟ್ಟುಕೊಳ್ಳುತ್ತೇನೆ ಎಂದೆ. ಸಿಂಧನೂರಿನಲ್ಲಿ ಬಸ್ಸು ಬದಲಿಸಿ ಮಸ್ಕಿಗೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಬಾಗಿಲ ಮುಂದೆ ಗುಡದೂರಿನ ಕಡೆಯ ಒಬ್ಬ ರೈತ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದ. ಹೆಂಡತಿಗೆ ನೋವು ಶುರುವಾಗಿದೆಯಂತೆ. ಒಳಗೆ ಹೋಗಿ ಚೀಲ ತೆಗೆದುಕೊಂಡು, ಬೀಗ ಹಾಕಿ, ಅವನ ಗಾಡಿ ಹತ್ತಿದೆ.